ಅಧಿಕದ ಬಾಡಿಗೆ

ನಾನು ಡೈರಿ ಬರೆಯಲು ಶುರು ಮಾಡಿದ್ದು ಐದನೇ ಇಯತ್ತೆಯಲ್ಲಿ, ಆಯಿಯ ಬಾಡಿಗೆ ಲೆಕ್ಕಕ್ಕಾಗಿ. ಆಯಿ ಅಂದರೆ ಅಪ್ಪನ ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ. ಲೆಕ್ಕ ಮಾತ್ರ ನಮ್ಮ ಮನೆಯಲ್ಲಿ ಅವಳಷ್ಟು ಯಾರಿಗೂ ಬರುತ್ತಿರಲಿಲ್ಲ. "ಬರಕೋ, ಇವತ್ತಿನ ತಾರೀಖ ಹಾಕು" ಅನ್ನುತ್ತಿದ್ದಳು. ನಾನು ತಾರೀಖು ಹಾಕಿ, ಪಕ್ಕದಲ್ಲಿ ಅಮಾವಾಸ್ಯೆಯ ಗುರುತಿಗೆ ಒಂದು ಕರಿ ಚುಕ್ಕೆ ಇಟ್ಟು, ಖೋಲಿಯ ನಂಬರು ಮತ್ತು ರೊಕ್ಕ ಬರೆಯುತ್ತಿದ್ದೆ. ಆ ನೋಟ್‌ಬುಕ್ಕುಗಳು ಈಗಲೂ ನನ್ನ ಹತ್ತಿರ ಇವೆ. ಕೆಲವು ಹಾಳೆಗಳ ಮೇಲೆ ಅವಳ ಅಡಿಕೆಯ ಕಲೆ ಇದೆ.

ನಮ್ಮದು ಬನಹಟ್ಟಿಯ ಹಳೆಯ ಓಣಿ. ಮುಂದೆ ಅಜ್ಜ ಕಟ್ಟಿಸಿದ ಮಗ್ಗದ ಶೆಡ್ಡು, ಅದರ ಹಿಂದೆ ಸಾಲಾಗಿ ನಾಲ್ಕು ಖೋಲಿಯ ಚಾಳ. ಚಾಳಕ್ಕೆ ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ಕಟ್ಟಿಗೆಯ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಿಂತ ಮೊದಲು ಆ ಮಣ್ಣಿನ ಮೇಲೆ ನೀರು ಇಳಿಯದಂಥ ಕರಲ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ಮರೆತರೆ ಮಾಳಿಗೆ ಮರೆಯುವುದಿಲ್ಲ.

ಆಯಿ ಬಾಡಿಗೆ ವಸೂಲಿ ಮಾಡುತ್ತಿದ್ದದ್ದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅವತ್ತು ಓಣಿಯ ಮಗ್ಗಗಳಿಗೆ ಬಿಡುವು. ಉಳಿದ ದಿನ ಖಟ್ ಖಟ್ ಅನ್ನುವ ಓಣಿ ಅವತ್ತು ಎಷ್ಟು ಸುಮ್ಮನಿರುತ್ತಿತ್ತೆಂದರೆ, ಆಯಿಯ ಕಾಲುಂಗುರ ಫರಸಿ ಕಲ್ಲಿಗೆ ತಾಗುವ ಸದ್ದು ನನಗೆ ಕೇಳಿಸುತ್ತಿತ್ತು. ಸೊಂಟದಲ್ಲಿ ಎಲೆಯಡಿಕೆಯ ಚಂಚಿ, ಕೈಯಲ್ಲಿ ಏನೂ ಇಲ್ಲ. ನೋಟ್‌ಬುಕ್ಕು ಹಿಡಿದು ಹಿಂದೆ ನಾನು.

ಅವಳದೊಂದು ರೀತಿ ಇತ್ತು. ಹೊಸ್ತಿಲ ಹೊರಗೆ ನಿಂತು ಬಾಡಿಗೆ ಇಸಿದುಕೊಳ್ಳುತ್ತಿರಲಿಲ್ಲ. ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಚಹಾ ಕುಡಿದ ಮೇಲೆಯೇ ಕೈ ಚಾಚುತ್ತಿದ್ದಳು. ಚಹಾ ಬರುವವರೆಗೆ ತಲೆಯೆತ್ತಿ ಮಾಳಿಗೆ ನೋಡುತ್ತಿದ್ದಳು. ಅದು ದೇವರನ್ನು ನೆನೆಯುವ ರೀತಿ ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ.

ಮೂರನೇ ಖೋಲಿಯಲ್ಲಿ ಕಂಡಿಕಿ ಸುತ್ತುವ ಚಿಗವ್ವ ಇದ್ದಳು, ಈಗಲೂ ಇದ್ದಾಳೆ. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತುವುದೇ ಕಂಡಿಕಿ. ಮನೆಯಲ್ಲೇ ರಾಟಿ ಇಟ್ಟುಕೊಂಡು ಅದೇ ಕೆಲಸ ಮಾಡುತ್ತಾಳೆ. ಆಯಿಗೂ ಅವಳಿಗೂ ಪ್ರತಿ ಅಮಾವಾಸ್ಯೆ ಒಂದು ಸುತ್ತು ಮಾತಿನ ಕುಸ್ತಿ ಆಗಲೇಬೇಕು.

"ಈ ಅಮಾಸಿ ಭಾಳ ಲಗೂನ ಬಂತಲ್ರಿ ಆಯಿ."

"ಚಂದ್ರಗ ಹೇಳವಾ. ನಂದೇನೈತಿ?"

"ಚಂದ್ರಗ ನೀವ ರೊಕ್ಕಾ ಕೊಟ್ಟಿರಬೇಕು."

"ಕೊಟ್ಟೇನಿ, ಅದಕ್ಕ ನಿನ್ನ ಕಡೆ ಇಸ್ಕೊಳ್ಳಾಕ ಬಂದೇನಿ. ಚಹಾಕ್ಕ ಸಕ್ಕರಿ ಹಾಕಿಯೋ, ಅದಕ್ಕೂ ಉದ್ರಿ ಹೇಳ್ತಿಯೋ?"

ನಾನು ಬಿ.ಕಾಂ. ಮುಗಿಸಿ, ಜಮಖಂಡಿಯಲ್ಲಿ ತೆರಿಗೆ ಲೆಕ್ಕ ಬರೆದುಕೊಡುವ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಊರವರ ಬಾಡಿಗೆ ಆದಾಯ, ಸಾಲದ ಬಡ್ಡಿ ಎಲ್ಲ ನನ್ನ ಕೈ ಮೇಲೆ ಹಾದುಹೋಗುತ್ತಿದ್ದವು. ನಮ್ಮ ಶೆಡ್ಡು ಮಾತ್ರ ಖಾಲಿ ಬಿದ್ದಿತ್ತು. ಅಜ್ಜ ಹೋದ ಮೇಲೆ ಮಗ್ಗಗಳು ನಿಂತು ತುಕ್ಕು ಹಿಡಿದಿದ್ದವು. ಶೆಡ್ಡನ್ನು ಎರಡು ಹೊಸ ಖೋಲಿ ಮಾಡಿದರೆ ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಬಂದದ್ದು ಬಸ್ಸಿನಲ್ಲೇ. ಅವತ್ತಿನ ಡೈರಿಯಲ್ಲಿ ಟಿಕೀಟಿನ ಹಿಂದೆ ಬರೆದ ಅಂಕಿಗಳನ್ನು ಅಂಟಿಸಿದ್ದೇನೆ.

ಹಳೆಯ ನಾಲ್ಕು ಖೋಲಿಗೆ ಒಂದೂವರೆ ಸಾವಿರದಂತೆ ಆರು ಸಾವಿರ. ಹೊಸ ಎರಡಕ್ಕೆ ಮೂರು ಸಾವಿರದಂತೆ ಆರು ಸಾವಿರ. ಒಟ್ಟು ಹನ್ನೆರಡು. ಐದು ಲಕ್ಷ ಸಾಲ, ಎಂಟು ವರ್ಷ, ತಿಂಗಳ ಕಂತು ಏಳು ಸಾವಿರದ ಐನೂರ ತೊಂಬತ್ತು. ನೀರಿನ ಮೋಟರಿನ ಕರೆಂಟು, ಮನೆ ತೆರಿಗೆ, ಆಯಿಯ ಗುಳಿಗೆ ಎಲ್ಲ ಕಳೆದರೂ ತಿಂಗಳಿಗೆ ಒಂದೂವರೆ ಸಾವಿರದಷ್ಟು ಉಳಿಯುತ್ತಿತ್ತು. ಕಾಗದದ ಮೇಲೆ ಬಲು ಚೆಂದವಾಗಿತ್ತು.

ಅಪ್ಪ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಅವನಿಗೆ ಚಾಳವೆಂದರೆ ತಲೆನೋವು. "ನಿನಗ ಉಮೇದಿ ಐತಿ, ಮಾಡು. ಆದ್ರ ನನ್ನ ಪಗಾರಕ್ಕ ಕೈ ಹಚ್ಚಬ್ಯಾಡ. ಚಾಳದ್ದು ಚಾಳದಾಗ ಮುಗೀಬೇಕು" ಅಂದ. ಆಯಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಕೆಲಸ ಶುರುವಾದಾಗ ಆಯಿ ಮೂರು ವಾರ ಮುಧೋಳದಲ್ಲಿರುವ ತನ್ನ ಮಗಳ ಮನೆಗೆ ಹೋಗಿದ್ದಳು. ಧೂಳು ಅವಳಿಗೆ ಆಗುವುದಿಲ್ಲವೆಂದು ನಾನೇ ಕಳಿಸಿದ್ದೆ. ಶೆಡ್ಡು ಖಾಲಿ ಮಾಡಿಸಿದೆ. ತುಕ್ಕು ಹಿಡಿದ ಮಗ್ಗದ ಕಬ್ಬಿಣ, ಅಟ್ಟದ ಮೇಲಿದ್ದ ಕಟ್ಟಿಗೆ ಎಲ್ಲ ಗುಜರಿಯವನಿಗೆ ಹೋಯಿತು. ಆ ದಿನದ ಸಾಲು ಹೀಗಿದೆ: "ಅಕ್ಟೋಬರ್ 19. ಹಳೆ ಮಗ್ಗ, ಕಟ್ಟಿಗೆ, ಗುಜರಿ. ₹4,200. ಇತರೆ ಆದಾಯ." ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಷ್ಟು ಖುಷಿಯಾಗಿತ್ತು.

ಜನವರಿ ಒಂದರಿಂದ ಅಮಾವಾಸ್ಯೆಯ ಪದ್ಧತಿ ಬಿಟ್ಟು ಒಂದನೇ ತಾರೀಖಿನ ಪದ್ಧತಿ ತಂದೆ. ಬ್ಯಾಂಕಿನ ಕಂತು ಐದಕ್ಕೆ ಹೋಗುತ್ತದೆ, ಬಾಡಿಗೆ ಒಂದಕ್ಕೆ ಬರಬೇಕು. ಅಮಾವಾಸ್ಯೆ ಹಿಂದೆ ಮುಂದೆ ಸರಿಯುತ್ತದೆ, ಕಂತು ಸರಿಯುವುದಿಲ್ಲ. ಎಲ್ಲರೂ ಒಪ್ಪಿದರು. ನನಗೆ ಆಶ್ಚರ್ಯವಾಗುವಷ್ಟು ಲಗೂನೆ ಒಪ್ಪಿದರು. ಬಾಡಿಗೆ ಫೋನಿಗೆ ಬರತೊಡಗಿತು. ನಾನು ಜಮಖಂಡಿಯ ಬಸ್ ನಿಲ್ದಾಣದಲ್ಲಿ ನಿಂತು, ಟಿಣ್ ಟಿಣ್ ಅಂದದ್ದನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ. ಚಾಳದ ಖೋಲಿಗಳ ಒಳಗೆ ಹೋಗುವ ಕೆಲಸವೇ ಉಳಿಯಲಿಲ್ಲ.

ಹೊಸ ನೋಟ್‌ಬುಕ್ಕಿನಲ್ಲಿ ಐದು ಕಾಲಮ್ಮು ಹಾಕಿದ್ದೆ. ತಾರೀಖು, ಆದಾಯ, ಖರ್ಚು, ಕಂತು. ಕೊನೆಯದಕ್ಕೆ "ಉಳಿಕೆ" ಅಂತ ಬರೆಯಬಹುದಿತ್ತು. ಆಫೀಸಿನ ಹಳೆಯ ಖಾತೆ ಪುಸ್ತಕವೊಂದರಲ್ಲಿ ನೋಡಿ, ಘನವಾಗಿ ಕಾಣಲೆಂದು "ಅಧಿಕ" ಎಂದು ಬರೆದೆ.

ಆ ವರ್ಷ ಶ್ರಾವಣ ಎರಡು ಬಂತು. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಅಗಸ್ಟಿನ ಒಂದು ಸಂಜೆ ನಾನು ಲೆಕ್ಕ ಬರೆಯುತ್ತಿದ್ದಾಗ ಆಯಿ ಎದುರು ಬಂದು ಕೂತಳು.

"ಅಧಿಕದ್ದು ಎತ್ತಿಟ್ಟಿಯೇನಬೇ?"

"ಹೂಂ ಆಯಿ, ಎತ್ತಿಟ್ಟೇನಿ."

"ಎಷ್ಟ ಆತು?"

ನಾನು ಕೊನೆಯ ಕಾಲಮ್ಮಿನ ಮೊತ್ತ ನೋಡಿದೆ. "ಹನ್ನೆರಡು ಸಾವಿರದ ಮುನ್ನೂರು."

ಅವಳು ಬೆರಳು ಮಡಚಿ ಎಣಿಸಿದಳು. "ಹೊಸಾ ಖೋಲಿದೂ ಹಿಡದಿ?"

"ಎಲ್ಲಾ ಹಿಡದೇನಿ."

"ಹನ್ನೆರಡು ಖರೆ. ಮ್ಯಾಲಿನ ಮುನ್ನೂರು ಎಲ್ಲೀದು?"

"ಬಡ್ಡಿ ಇರಬೇಕು ತಗೋ. ಬ್ಯಾಂಕಿನಾಗ ಐತಿ."

"ಬ್ಯಾಂಕಿನಾಗ ಇಟ್ಟೀ?" ಅಂತ ನಕ್ಕಳು. "ಆಗಲಿ, ಅಲ್ಲಿದ್ರ ಹುಳಾ ಹತ್ತೂದಿಲ್ಲ."

ರೊಕ್ಕಕ್ಕೆ ಹುಳ ಯಾಕೆ ಹತ್ತುತ್ತದೆ ಅಂತ ನಾನು ಕೇಳಲಿಲ್ಲ. ವಯಸ್ಸಾದವರ ಮಾತು ಅಂದುಕೊಂಡೆ.

ನವರಾತ್ರಿಯ ಹೊತ್ತಿಗೆ ಆಯಿ ಬಚ್ಚಲಲ್ಲಿ ಬಿದ್ದು ಮೊಣಕಾಲು ಪೆಟ್ಟು ಮಾಡಿಕೊಂಡಳು. ನಾಲ್ಕು ತಿಂಗಳು ಹೊರಸಿನ ಮೇಲೆ. ದವಾಖಾನೆಯ ಹತ್ತು ಸಾವಿರ ಚಾಳದ ಖಾತೆಯಿಂದಲೇ ಹೋಯಿತು. ಅದೇ ಹೊತ್ತಿಗೆ ಹೊಸ ಖೋಲಿಯೊಂದು ಖಾಲಿಯಾಯಿತು. ನವೆಂಬರಿನಿಂದ ಮಾರ್ಚಿನವರೆಗೆ ಐದು ತಿಂಗಳು, ಹದಿನೈದು ಸಾವಿರ. ಕಂತಿಗೆ ಖೋಲಿ ಖಾಲಿ ಇದೆಯೋ ತುಂಬಿದೆಯೋ ಗೊತ್ತಾಗುವುದಿಲ್ಲ. "ಅಧಿಕ"ದ ಕಾಲಮ್ಮು ತಿಂಗಳು ತಿಂಗಳು ಕರಗಿತು. ಏಪ್ರಿಲ್ಲಿನಲ್ಲಿ ಬೀಳಗಿಯ ಕಡೆಯ ಸಾಲಿ ಮಾಸ್ತರರೊಬ್ಬರು ಬಂದು ಆ ಖೋಲಿ ಹಿಡಿದರು. ಅಷ್ಟರಲ್ಲಿ ಎರಡು ಕಂತು ತಡವಾಗಿದ್ದವು. ಆ ವರ್ಷದ ಕರಲ ಮಣ್ಣನ್ನು ನಾನೇ ಮುಂದೂಡಿದೆ. "ಖರ್ಚು: ಮುಂದಿನ ವರ್ಷ" ಅಂತ ಬರೆದಿದ್ದೇನೆ.

ಜೂನ್ 8, ಶನಿವಾರ. ಹಿಂದಿನ ದಿನದಿಂದ ಮಳೆ. ಮಧ್ಯಾಹ್ನ ಮೂರನೇ ಖೋಲಿಯಲ್ಲಿ ಜಂತಿ ಮುರಿದು, ಒಂದು ಬುಟ್ಟಿಯಷ್ಟು ಮಣ್ಣು ಚಿಗವ್ವನ ರಾಟಿಯ ಮೇಲೆ ಬಿತ್ತು. ಅವಳು ನೀರು ತರಲು ಹೊರಗೆ ಹೋಗಿದ್ದಳು. ನಾನು ಓಡಿ ಹೋಗಿ ನೋಡಿದೆ. ಒಂದೂವರೆ ವರ್ಷದ ನಂತರ ಮೊದಲ ಸಲ ಆ ಖೋಲಿಯ ಒಳಗೆ ನಿಂತು ತಲೆಯೆತ್ತಿದ್ದೆ. ಹನ್ನೊಂದು ಜಂತಿಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಹುಳ ತಿಂದ ಹುಡಿ ಮುಖದ ಮೇಲೆ ಉದುರಿತು.

ಮಾಳಿಗೆ ಕೆಲಸದ ಮೇಸ್ತ್ರಿ ಬಂದು ಹನ್ನೊಂದನ್ನೂ ಬದಲಿಸಬೇಕೆಂದ. ಜಂತಿ, ಹಲಗೆ, ಮಣ್ಣು, ಕೂಲಿ ಸೇರಿ ನಲವತ್ತೆರಡು ಸಾವಿರ. ಚಾಳದ ಖಾತೆಯಲ್ಲಿ ಅವತ್ತು ಇದ್ದದ್ದು ಸಾವಿರದ ಎಂಟುನೂರ ಐವತ್ತು.

ಆಯಿ ಕೋಲು ಊರಿಕೊಂಡು ಬಂದಿದ್ದಳು. ಸ್ವಲ್ಪವೂ ಗಾಬರಿ ಇಲ್ಲ. "ಜಂತಿಗೆ ಯಾಕ ರೊಕ್ಕಾ ಹಿಡೀತಿ? ಮೊದಲಿನ ಎರಡ ಅಧಿಕದ್ದು ಕೂಡಿ ಹನ್ನೊಂದು ಜಂತಿ ಶೆಡ್ಡಿನ ಅಟ್ಟದ ಮ್ಯಾಲ ಇದ್ದೂವಲ್ಲ. ಹೊಸಾ ಖೋಲಿ ಮ್ಯಾಲ ಹಾಕಿಸಿ ಇಟ್ಟಿರಬೇಕು, ತಗೀರಿ" ಅಂದಳು.

"ಯಾವ ಅಧಿಕ, ಆಯಿ?"

"ಯಾವ ಅಧಿಕ ಅಂದ್ರ? ಲಾಕ್‌ಡೌನ್ ವರ್ಷದ್ದು, ಅದರ ಹಿಂದಿಂದು."

ಆಗ ಗೊತ್ತಾಯಿತು. ಅಮಾವಾಸ್ಯೆಯ ಲೆಕ್ಕದಲ್ಲಿ ಅಧಿಕ ಮಾಸ ಬಂದ ವರ್ಷ ಹದಿಮೂರು ಬಾಡಿಗೆ. ಕರಿ ಚುಕ್ಕೆ ಇಟ್ಟವಳು ನಾನೇ, ವರ್ಷಕ್ಕೆ ಎಷ್ಟೆಂದು ಎಣಿಸಿರಲಿಲ್ಲ. ಹದಿಮೂರನೆಯದನ್ನು ಆಯಿ ಮನೆ ಖರ್ಚಿಗೆ ಮುಟ್ಟುತ್ತಿರಲಿಲ್ಲ. ಮಳೆ ಮುಗಿದ ಮೇಲೆ ಜಮಖಂಡಿಯ ಕಟ್ಟಿಗೆ ಅಡ್ಡೆಗೆ ಹೋಗಿ ಅದಷ್ಟಕ್ಕೂ ಜಂತಿ ತಂದು ಒಣಗಲು ಇಡುತ್ತಿದ್ದಳು. ಮಗ್ಗ ಬಂದ್ ಆಗಿದ್ದ ಲಾಕ್‌ಡೌನ್ ವರ್ಷ ಎರಡು ಅಮಾವಾಸ್ಯೆಯ ಬಾಡಿಗೆಯನ್ನು ಎಲ್ಲರಿಗೂ ಬಿಟ್ಟಿದ್ದಳು, ಅಧಿಕದ್ದನ್ನು ಮಾತ್ರ ಬಿಟ್ಟಿರಲಿಲ್ಲ. ಆ ಜಂತಿಗಳನ್ನು ನಾನು ಗುಜರಿಗೆ ಹಾಕಿ, "ಇತರೆ ಆದಾಯ" ಅಂತ ಬರೆದು, ಎರಡು ಗೆರೆ ಎಳೆದಿದ್ದೆ. ಶ್ರಾವಣದ ಹದಿಮೂರನೇ ಬಾಡಿಗೆಯನ್ನಂತೂ ವಸೂಲಿಯೇ ಮಾಡಿರಲಿಲ್ಲ. ಒಂದನೇ ತಾರೀಖಿನ ಪದ್ಧತಿಯಲ್ಲಿ ಹದಿಮೂರನೆಯದು ಬರುವುದೇ ಇಲ್ಲ.

ನೋಟ್‌ಬುಕ್ಕು ತಂದು ಕಾಲಮ್ಮು ತೋರಿಸಿದೆ. "ನಾ ಬರದಿದ್ದ ಅಧಿಕ ಇದು, ಆಯಿ. ಇದ ಉಳದಿದ್ದ ರೊಕ್ಕಾ. ಈಗ ಇದೂ ಇಲ್ಲ."

ಅವಳಿಗೆ ಓದಲು ಬರದಿದ್ದರೂ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. "ಬರಿಯಾಕ ಬಂದ್ರ ಇಷ್ಟ ದೊಡ್ಡ ತಪ್ಪ ಮಾಡಾಕ ಬರತೈತಿ ಅಂತ ನನಗ ಗೊತ್ತಿರಲಿಲ್ಲ ನೋಡವಾ" ಅಂದಳು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಆ ರವಿವಾರ ಅಪ್ಪ ಊರಿಗೆ ಬಂದ. ಮುಧೋಳದ ವ್ಯಾಪಾರಿಯೊಬ್ಬರು ಚಾಳದ ಜಾಗ ಕೇಳುತ್ತಿದ್ದರು. ಕೆಡವಿ ಗೋದಾಮು ಕಟ್ಟುವವರು. "ಮಾರಿಬಿಡೂಣು. ಸಾಲಾ ತೀರತೈತಿ, ಮ್ಯಾಲೂ ನಾಕ ರೊಕ್ಕಾ ಉಳಿತಾವ. ಚಾಳದ್ದು ಚಾಳದಾಗ ಮುಗೀಬೇಕು ಅಂದಿದ್ದೆ, ಮುಗೀತು" ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗಿಂತ ಚಿಗವ್ವನದು ನನಗೆ ಹೆಚ್ಚು ಚುಚ್ಚಿತು. ಹತ್ತೊಂಬತ್ತು ವರ್ಷದ ಸಂಸಾರವನ್ನು ಮೊದಲನೇ ಖೋಲಿಯವರ ಪಡಸಾಲೆಯಲ್ಲಿ ಎರಡು ಚೀಲದಲ್ಲಿ ಕಟ್ಟಿ ಇಟ್ಟಿದ್ದಳು.

ನಾನು ಅಪ್ಪನ ಹತ್ತಿರ ಒಂದು ತಿಂಗಳ ಗಡುವು ಕೇಳಿದೆ. ಬ್ಯಾಂಕಿಗೆ ಹೋಗಿ ಇನ್ನಷ್ಟು ಸಾಲ ಕೇಳಿದೆ. ಅಲ್ಲಿಯ ಸಾಹೇಬರು ನೋಟ್‌ಬುಕ್ಕು ತಿರುವಿ ಹಾಕಿ, "ಅಕ್ಷರ ಭಾಳ ಚಂದ ಅದಾವ್ರಿ. ಆದ್ರ ಇದರಾಗ ರಿಪೇರಿಗೆ ಅಂತ ತಗದಿಟ್ಟ ಕಾಲಮ್ಮ ಎಲ್ಲೈತ್ರಿ? ಖೋಲಿ ಖಾಲಿ ಬಿದ್ರ ಅಂತ ಇಟ್ಟದ್ದು ಎಲ್ಲೈತಿ?" ಅಂದರು. ಎರಡು ಕಂತು ತಪ್ಪಿದ್ದರಿಂದ ಒಂದು ವರ್ಷ ಸಾಲ ಸಿಗುವುದಿಲ್ಲ. ಆಯಿಗೆ ಆ ಕಾಲಮ್ಮು ಇತ್ತು, ಅದು ಅಟ್ಟದ ಮೇಲೆ ಇತ್ತು ಅಂತ ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು.

ಜುಲೈ 5, ಶುಕ್ರವಾರ, ಅಮಾವಾಸ್ಯೆ. ಮಗ್ಗಗಳು ನಿಂತಿದ್ದವು. ಆಯಿ ಚಾಳದ ಕಟ್ಟೆಯ ಮೇಲೆ ಕೂತು ಎಲ್ಲ ಖೋಲಿಯವರನ್ನೂ ಕರೆಸಿದಳು. ತಪ್ಪನ್ನು ನನ್ನ ಬಾಯಿಂದಲೇ ಹೇಳಿಸಿದಳು. ಹೇಳಿ ಮುಗಿಸಿದಾಗ ಚಿಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಮಗ ಗೊತ್ತಿತ್ತು ಬಿಡಬೇ. ಶ್ರಾವಣದಾಗ ಅಧಿಕದ್ದು ನೀ ಕೇಳಲೇ ಇಲ್ಲ. ಸಾಲಿ ಕಲ್ತಾಕಿ ಲೆಕ್ಕಾ ತಪ್ಪಿದ್ಲು ಅಂತ ನಾವು ನಕ್ಕೀವಿ."

"ಗೊತ್ತಿದ್ರ ಹೇಳಬೇಕಿಲ್ಲೇನು ಚಿಗವ್ವಾ?"

"ಉಳಿಯೂ ರೊಕ್ಕಾ ಯಾರರ ಹೇಳಿ ಕೊಡ್ತಾರೇನ? ನಂದು ನನ್ನ ತಲಿ ಮ್ಯಾಲ ಬೀಳತೈತಿ ಅಂತ ಗೊತ್ತಿದ್ರ ಹೇಳತಿದ್ದೆ."

ಎಲ್ಲರೂ ನಕ್ಕರು, ಆಯಿಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಚಂದ್ರನ ಲೆಕ್ಕದಾಗ ವರ್ಷಕ್ಕ ಹನ್ನೊಂದ ದಿನಾ ಮಿಗತಾವ. ಅವೆಲ್ಲಾ ಕೂಡಿ ಒಂದ ತಿಂಗಳ ಆಗತೈತಿ. ಆ ತಿಂಗಳ ನಂದೂ ಅಲ್ಲ, ನಿಮ್ಮದೂ ಅಲ್ಲ, ಮನೀದು. ಮಂದಿ ಅಧಿಕದಾಗ ಅಳಿಯಗ ಕರದು ಹೋಳಿಗಿ ಉಣಸ್ತಾರ. ನನಗ ಈ ಚಾಳನ ಅಳಿಯ. ಎಷ್ಟ ಹಾಕಿದ್ರೂ ಸಾಕನ್ನೂದಿಲ್ಲ, ಹಾಕದಿದ್ರ ಮುನಿಸ್ಕೋತಾನ."

ಹಳೆಯ ನಾಲ್ಕು ಖೋಲಿಯವರು ಮತ್ತೆ ಅಮಾವಾಸ್ಯೆಗೆ ಒಪ್ಪಿದರು. ತಪ್ಪಿಹೋದ ಅಧಿಕದ್ದನ್ನು ಎರಡು ಸಲಕ್ಕೆ ಕೊಡುತ್ತೇವೆಂದರು, ಕೊಟ್ಟರು. ಬೀಳಗಿಯ ಮಾಸ್ತರರು ಮಾತ್ರ, "ನನ್ನ ಕರಾರುಪತ್ರದಾಗ ಒಂದನೇ ತಾರೀಖ ಐತ್ರಿ. ನಾ ಆ ವರ್ಷ ಇರಲೂ ಇಲ್ಲ" ಅಂದರು. ಅವರದೂ ಸರಿಯೇ. ಹೊಸ ಖೋಲಿ ಒಂದನೇ ತಾರೀಖಿಗೆ, ಹಳೆಯವು ಅಮಾವಾಸ್ಯೆಗೆ. ಅವತ್ತಿನಿಂದ ನನ್ನ ಲೆಕ್ಕ ಎರಡು ಕಾಲದಲ್ಲಿ ನಡೆಯುತ್ತಿದೆ.

ಆರು ಸಾವಿರ ಅಧಿಕದ್ದು. ಹದಿನೇಳು ಸಾವಿರ ನಾನು ತಿಂಗಳು ತಿಂಗಳು ಕಟ್ಟಿದ ಠೇವಣಿ ಮುರಿದದ್ದು. ಇಪ್ಪತ್ಮೂರು ಸಾವಿರಕ್ಕೆ ಆರು ಜಂತಿ ಬದಲಾದವು. ಉಳಿದ ಐದಕ್ಕೆ ಮೇಸ್ತ್ರಿ ಕೆಳಗಿನಿಂದ ಊರುಗೋಲು ಕೊಟ್ಟ. ಚಿಗವ್ವ ಚೀಲ ಬಿಚ್ಚಿದಳು. ಅಪ್ಪ ವ್ಯಾಪಾರಿಗೆ ಸದ್ಯ ಬೇಡವೆಂದ. ನನಗೆ ಅಂದದ್ದು: "ಇನ್ನೊಂದು ಕಂತು ತಪ್ಪಿದ್ರ, ಆತು."

ಕಂತು ತಪ್ಪಲಿಲ್ಲ. ಅಮಾವಾಸ್ಯೆಗೊಮ್ಮೆ ಆಯಿ ನನ್ನ ತೋಳು ಹಿಡಿದು ಚಾಳಕ್ಕೆ ಬರುತ್ತಿದ್ದಳು. ಮೊದಲು ಅವಳ ಹಿಂದೆ ನಾನು ಇರುತ್ತಿದ್ದೆ, ಈಗ ಪಕ್ಕದಲ್ಲಿ. ಪ್ರತಿ ಖೋಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಇಬ್ಬರೂ ತಲೆಯೆತ್ತುತ್ತಿದ್ದೆವು. ಯಾವ ಜಂತಿಯ ಬಣ್ಣ ಕಪ್ಪಾಗಿದೆ, ಯಾವುದರ ಕೆಳಗೆ ಹುಡಿ ಬಿದ್ದಿದೆ ಅಂತ ಅವಳು ಹುಬ್ಬಿನಲ್ಲೇ ತೋರಿಸುತ್ತಿದ್ದಳು. ಹದಿನೇಳು ಅಮಾವಾಸ್ಯೆ ಹಾಗೆ ಹೋದೆವು. ನೋಟ್‌ಬುಕ್ಕಿನಲ್ಲಿ ಹದಿನೇಳು ಕರಿ ಚುಕ್ಕೆ ಇವೆ. ಹದಿನೆಂಟನೆಯದಕ್ಕೆ, ಎಳ್ಳ ಅಮಾವಾಸ್ಯೆಯ ದಿನ, ಅವಳು ಹೊರಸಿನಿಂದ ಏಳಲಿಲ್ಲ. "ನೀ ಹೋಗಿ ಬಾ. ಮಾಳಿಗಿ ನೋಡೂದು ಮರೀಬ್ಯಾಡ" ಅಂದಳು. ಪುಷ್ಯದಲ್ಲಿ ಹೋಗಿಬಿಟ್ಟಳು.

ಈ ವರ್ಷ ಜ್ಯೇಷ್ಠ ಎರಡು. ಜೂನ್ 15, ಸೋಮವಾರ, ಅಧಿಕದ ಅಮಾವಾಸ್ಯೆ. ಆಫೀಸಿಗೆ ರಜೆ ಹಾಕಿ ನಾನೊಬ್ಬಳೇ ಚಾಳಕ್ಕೆ ಹೋದೆ. ಚಿಗವ್ವ ಚಹಾ ಕೊಟ್ಟು, ರೊಕ್ಕ ಮೊದಲೇ ಎಣಿಸಿ ಇಟ್ಟಿದ್ದಳು.

"ಈ ಸಲಾ ನೀ ಮರತಿದ್ರೂ ನಾ ಬಿಡ್ತಿರಲಿಲ್ಲ" ಅಂತ ಊರುಗೋಲುಗಳ ಕಡೆ ಕೈ ಮಾಡಿದಳು. "ಎರಡ ವರ್ಷದಿಂದ ಕೂಸಿನಂಗ ಇವನ್ನ ಸುತ್ತಹಾಕಿ ಅಡ್ಯಾಡಿ ಸಾಕಾಗೈತಿ."

ಈಗ ಖೋಲಿಗೆ ಸಾವಿರದ ಏಳುನೂರು. ನಾಲ್ಕು ಸೇರಿ ಆರು ಸಾವಿರದ ಎಂಟುನೂರು. ಅದನ್ನು ಆದಾಯದ ಕಾಲಮ್ಮಿನಲ್ಲಿ ಬರೆಯಲಿಲ್ಲ. ಮಳೆಗಾಲ ಮುಗಿಯುವವರೆಗೆ ಕಾಯಲು ಧೈರ್ಯವಾಗಲಿಲ್ಲ. ರವಿವಾರ ಅಪ್ಪನನ್ನು ಕರೆದುಕೊಂಡು ಜಮಖಂಡಿಯ ಅಡ್ಡೆಗೆ ಹೋದೆ. ಜಂತಿಗೆ ಸಾವಿರದ ಐನೂರರಂತೆ ನಾಲ್ಕು ಬಂದವು. ಉಳಿದ ಎಂಟುನೂರು ಟೆಂಪೊಕ್ಕೆ ಸರಿಹೋಯಿತು.

ಸಂಜೆ ಟೆಂಪೊದಿಂದ ಇಳಿಸುವಾಗ ಒಂದು ತುದಿ ನಾನು, ಒಂದು ತುದಿ ಅಪ್ಪ. ಆಯಿಯ ಹೊರಸು ಇದ್ದ ಗೋಡೆಯ ಉದ್ದಕ್ಕೂ ಒಂದರ ಮೇಲೊಂದು ಇಟ್ಟೆವು. ಹಸಿ ಕಟ್ಟಿಗೆಯ ವಾಸನೆ ಮನೆಯೆಲ್ಲ ತುಂಬಿತು. ಅಪ್ಪ ಬೆವರು ಒರೆಸಿಕೊಂಡು ಎಣಿಸಿದ.

"ಐದ ಬೇಕಂದಿದ್ದೀ. ಇವು ನಾಕ ಅದಾವ."

"ಐದನೇದು ಮುಂದಿನ ಅಧಿಕಕ್ಕ."

"ಅದು ಯಾವಾಗ?"

"ಸುಮಾರು ಮೂರು ವರ್ಷಕ್ಕ."

ಅಪ್ಪ ಜಂತಿಯ ಮೇಲೆ ಬೆರಳಿನಿಂದ ತಟ್ಟಿ ನೋಡಿದ, ಆಯಿ ತಟ್ಟುತ್ತಿದ್ದ ಹಾಗೆಯೇ. "ಹಂಗಾದ್ರ ಮೂರು ವರ್ಷ ಮಾರೂ ಮಾತ ಇಲ್ಲ ಅಂದಂಗಾತು" ಅಂದ. ಕೈ ತೊಳೆಯಲು ಹಿತ್ತಲಿಗೆ ಹೋದ.